ತೊಟ್ಟಿಲಿನ ರಸೀದಿ

ವಕೀಲರ ಫೀಸಿನದು, ಹೊಸ ತೊಟ್ಟಿಲಿನದು, ಎಲ್ಲ ರಸೀದಿಗಳನ್ನೂ ಬೇಕರಿಯ ಚೆನ್ನಾಜಮ್ಮ ಆಡಿಟರ ಮೇಜಿನ ಮೇಲೆ ಹರಡಿದಳು.

"ದತ್ತು ಮುರಿದುಬಿತ್ತಲ್ಲಮ್ಮ. ಇದಕ್ಕೆಲ್ಲ ತೆರಿಗೆ ವಿನಾಯಿತಿ ಸಿಗಲ್ಲ," ಎಂದರು ಆಡಿಟರು.

"ಭಟ್ಟೀಲಿ ಬನ್ನು ಸೀದುಹೋದ್ರೆ ನಷ್ಟ ಅಂತ ಬರ್ಕೋತೀರಿ. ಇದು ಮಾತ್ರ ನಷ್ಟ ಅಲ್ವಾ?"

"ಅದು ವ್ಯಾಪಾರ. ಬೇಕಿದ್ರೆ ಆ ಹುಡುಗಿ ಹತ್ರ ವಸೂಲಿ ಮಾಡಿ. ಕೊಡ್ತೀನಿ ಅಂದವಳು ಕೊನೇ ಗಳಿಗೇಲಿ ಮಗು ಕೊಡಲಿಲ್ಲ ತಾನೆ?"

"ಕೊಡಲಿಲ್ಲ. ಹೆತ್ತವಳು ಅವಳು, ಅವಳಿಷ್ಟ."

ಆಡಿಟರು ನಿಟ್ಟುಸಿರಿಟ್ಟರು. "ಹಾಗಾದ್ರೆ ಆ ತೊಟ್ಟಿಲನ್ನಾದ್ರೂ ಅಂಗಡಿಗೆ ವಾಪಸ್ ಕೊಡಿ. ಅಷ್ಟಾದ್ರೂ ಉಳಿಯುತ್ತೆ."

ಚೆನ್ನಾಜಮ್ಮ ರಸೀದಿಗಳನ್ನು ಬಾಚಿಕೊಂಡು ಎದ್ದು ನಿಂತಳು.

"ತೊಟ್ಟಿಲು ಖಾಲಿ ಇಲ್ಲ ಸ್ವಾಮಿ. ಮಗೂನ ಬಿಟ್ಟಿರಲಾರೆ ಅಂತ ಅವಳು ಅತ್ತಳಲ್ಲ, ಅವತ್ತೇ ತಾಯಿ ಮಗು ಇಬ್ಬರನ್ನೂ ನಮ್ಮನೇಗೆ ಕರ್ಕೊಂಡು ಬಂದೆ."