ಹಾಲು ಎಡಕ್ಕೆ, ಸಕ್ಕರೆ ಬಲಕ್ಕೆ

"ಕಾಫಿಗೆ ಹಾಲು ಹಾಕ್ಲಾ?" ದೋಣಿಯ ಮುಂತುದಿಯಲ್ಲಿ ಕುಳಿತಿದ್ದ ಗುನ್ವೋರ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂಗಿದಳು. ಹಿಂದೆ ಚುಕ್ಕಾಣಿ ಹಿಡಿದಿದ್ದ ಗಂಡ ಬಿರ್ಗರ್ "ಹಾಕು, ಒಂದು ತೊಟ್ಟು" ಎಂದ. ದೋಣಿ ಮೆಲ್ಲಗೆ ಎಡಕ್ಕೆ ಹೊರಳಿ, ನೀರಿನಿಂದ ಒಂದು ಗೇಣು ತಲೆಯೆತ್ತಿದ್ದ ಬಂಡೆಯನ್ನು ತಪ್ಪಿಸಿಕೊಂಡು ಸಾಗಿತು.

ನಡುವೆ ಕುಳಿತಿದ್ದ ಮಗಳು ದೀಸಾ ಹುಬ್ಬೇರಿಸಿದಳು. "ಅಪ್ಪ ಯಾವಾಗಿಂದ ಹಾಲು ಹಾಕ್ಕೊಳ್ಳೋಕೆ ಶುರು ಮಾಡಿದ್ರು? ನಾನು ಹುಟ್ಟಿದಾಗಿಂದ ನೋಡ್ತಿದೀನಿ, ಡಾಂಬರಿನಂಥ ಕರಿ ಕಾಫಿ."

"ವಯಸ್ಸಾಯ್ತಲ್ಲ, ಹೊಟ್ಟೆ ಉರಿಯಂತೆ" ಎಂದಳು ಗುನ್ವೋರ್. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಕಿವಿ ಕೆಂಪಗಾಯಿತು.

ಬಿರ್ಗರನ ನೋಟದ ನಡುಭಾಗಕ್ಕೆ ಮಂಜು ಕವಿದಿತ್ತು. ಅಂಚಿನಲ್ಲಿ ಒಂದಿಷ್ಟು ಕಾಣುತ್ತಿತ್ತು, ನೇರ ಎದುರಿಗಿದ್ದದ್ದು ಮಾತ್ರ ಇಲ್ಲ. ಬಲ್ಲವರು ಗಂಡ ಹೆಂಡತಿ ಇಬ್ಬರೇ. ಹಾಲೆಂದರೆ ಎಡಕ್ಕೆ, ಸಕ್ಕರೆಯೆಂದರೆ ಬಲಕ್ಕೆ. ದೀಸಾಳಿಗೆ ಅನುಮಾನ ಬಂದು, ದೋಣಿ ಮಾರಲೇಬೇಕೆಂದು ಹಟ ಹಿಡಿದು, ಸೋಮವಾರಕ್ಕೆ ಕೊಳ್ಳುವವರನ್ನೂ ಕರೆದಾಗಿತ್ತು. "ಭಾನುವಾರ ನೀರುನಾಯಿ ಬಂಡೆಯವರೆಗೆ ಹೋಗಿಬರೋಣ. ನಂದೊಂದು ತಪ್ಪು ಕಂಡ್ರೆ ಮಾರ್ಕೋ" ಎಂದು ಬಿರ್ಗರ್ ಸವಾಲೆಸೆದಿದ್ದ. ಬಂಡೆಯ ಮೇಲೆ ಏನೂ ಇಲ್ಲ. ಎಲ್ಲಿಗೂ ಹೋಗಬೇಕಿಲ್ಲದೆ ಹೊರಡುವುದು, ಎಂಜಿನ್ನಿನ ಟಕಟಕ ಕೇಳುತ್ತಾ ಕಾಫಿ ಕುಡಿಯುವುದು, ಬಿಸಿಲಿಗೆ ಮುಖವೊಡ್ಡಿ ವಾಪಸಾಗುವುದು. ವರ್ಷದಲ್ಲಿ ಹತ್ತು ವಾರ ಬೇಸಿಗೆ ಕಾಣುವ ಈ ದ್ವೀಪಗಳಲ್ಲಿ ಅವನು ಬದುಕಿದ್ದೇ ಆ ಸುಖಕ್ಕೆ.

ಎದುರು ದೋಣಿ ಬಂದರೆ ಕೈಯೆತ್ತುವುದು ಇಲ್ಲಿನ ರೂಢಿ. ಎತ್ತದವನನ್ನು ಪಟ್ಟಣದ ಸೊಕ್ಕಿನವನೆಂದು ವಾರವೆಲ್ಲ ಆಡಿಕೊಳ್ಳುತ್ತಾರೆ. ಮೋಟಾರಿನ ಸದ್ದು ಹಿಡಿದು ಬಿರ್ಗರ್ ಒಂದು ದೋಣಿಗೆ ಸರಿಯಾಗಿ ಕೈಯೆತ್ತಿದ. ಆ ಹುರುಪಿನಲ್ಲಿ ಪಕ್ಕಕ್ಕೆ ಬಂದ ಇನ್ನೊಂದು ಮಸುಕಿಗೂ ಎತ್ತಿಬಿಟ್ಟ.

"ಅಪ್ಪಾ, ಅದು ಕಂಬ!"

ದಾರಿ ತೋರಿಸಲು ನೀರಿನಲ್ಲಿ ನಿಲ್ಲಿಸಿದ್ದ ಕೆಂಪು ಕಂಬ. ಗುನ್ವೋರ್ ಫ್ಲಾಸ್ಕಿನ ಮೇಲೆ ತಲೆ ತಗ್ಗಿಸಿದಳು. ಬಿರ್ಗರ್ ಮಾತ್ರ ಅಲುಗಲಿಲ್ಲ. "ಗೊತ್ತಮ್ಮ. ನಲವತ್ತು ವರ್ಷದಿಂದ ಒಂಟಿಕಾಲಲ್ಲಿ ನಿಂತಿದೆ ಪಾಪ, ಯಾರಾದ್ರೂ ಮಾತಾಡಿಸ್ಬೇಕಲ್ಲ."

ದೀಸಾ ನಗಲಿಲ್ಲ.

"ಸಕ್ಕರೆ ಹಾಕ್ಲಾ?" ಗುನ್ವೋರ್ ಕೇಳಿದಳು. "ಹೂಂ, ಒಂದು ತುಂಡು." ದೋಣಿ ಬಲಕ್ಕೆ ತಿರುಗಿತು. ಮಗಳ ನೋಟ ಲೋಟದಿಂದ ಚುಕ್ಕಾಣಿಗೆ, ಚುಕ್ಕಾಣಿಯಿಂದ ಲೋಟಕ್ಕೆ ಹೋಯಿತು. ಇನ್ನೇನು ಕೇಳಿಯೇಬಿಡುತ್ತಾಳೆಂದು ಹೆದರಿದ ಗುನ್ವೋರ್, ಉತ್ತರ ಕೊಡುವ ಪಾಡು ತಪ್ಪಲೆಂದು ಅರ್ಧ ಏಲಕ್ಕಿ ಬನ್ನನ್ನು ಬಾಯಿಗೆ ತುರುಕಿಕೊಂಡಳು.

ಎರಡು ಬಂಡೆಗಳ ನಡುವಿನ ಇಕ್ಕಟ್ಟು ದಾರಿ ಬಂತು. ತಿರುವು ದಾಟಿದರೆ ಎದುರಿಗೆ ಕಿತ್ತಳೆ ಬಣ್ಣದ ಕಯಾಕ್, ಒಬ್ಬನೇ ಕೂರುವ ಕಿರುದೋಣಿ, ದಾರಿಯ ತುಸು ಎಡಕ್ಕೆ ತೇಲುತ್ತಿತ್ತು. ಅದರಲ್ಲಿದ್ದವನು ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಬಿಸಿಲಿಗೆ ಮೈ ಕಾಯಿಸುತ್ತಿದ್ದ. ಗುನ್ವೋರ್ ಕೂಗಲು ಬಾಯಿ ತೆರೆದಳು. ಬನ್ನು ನೆತ್ತಿಗೇರಿತು. ಕೆಮ್ಮು, ಮತ್ತೆ ಕೆಮ್ಮು. ಸಕ್ಕರೆಯ ಸ ಕೂಡ ಹೊರಡಲಿಲ್ಲ. ಎಂಜಿನ್ ಟಕಟಕ ಎನ್ನುತ್ತಲೇ ಇತ್ತು. ಬಿರ್ಗರ್ ನಸುನಗುತ್ತಾ ಆ ಮನುಷ್ಯನ ಮೇಲೆಯೇ ದೋಣಿ ನಡೆಸುತ್ತಿದ್ದ. ಇಪ್ಪತ್ತು ಮಾರು. ಹದಿನೈದು. ಹತ್ತು.

"ಅಪ್ಪಾ, ಸಕ್ಕರೆ!" ದೀಸಾ ಎದ್ದು ನಿಂತು ಕಿರುಚಿದಳು. "ಎರಡು ತುಂಡು! ಮೂರು!"

ಬಿರ್ಗರನ ಕೈ ಯೋಚಿಸಲಿಲ್ಲ. ದೋಣಿ ಬಲಕ್ಕೆ ಹಾರಿ, ಬಂಡೆಯ ಪಾಚಿ ಸವರಿಕೊಂಡು ದಾಟಿತು. ಅಲೆಗೆ ಕಯಾಕ್ ತೊಟ್ಟಿಲಂತೆ ತೂಗಾಡಿತು. ಅದರಲ್ಲಿದ್ದವನು ಕಣ್ಣು ಬಿಟ್ಟು, ಏನೂ ಅರಿಯದೆ ರೂಢಿಯಂತೆ ಕೈಯೆತ್ತಿದ.

"ಕೈ ಎತ್ತಿ ಅಪ್ಪಾ" ಎಂದಳು ದೀಸಾ ಮೆಲ್ಲಗೆ. ಅವನು ಎತ್ತಿದ. ಆಮೇಲೆ ಎಂಜಿನ್ ನಿಲ್ಲಿಸಿದ.

"ಎಷ್ಟು ದೂರ ಇತ್ತು?"

"ಹುಟ್ಟು ಚಾಚಿದ್ರೆ ತಾಗ್ತಿತ್ತು."

"ಮನುಷ್ಯನಾ?"

"ಹೂಂ. ಕಣ್ಣು ಮುಚ್ಕೊಂಡು ಕೂತಿದ್ದ."

"ನಾನೂ ಅಷ್ಟೇ ಕಣಮ್ಮ" ಎಂದ ಬಿರ್ಗರ್. ನಾಚಿಕೆಯಿಂದ ಅವನ ಮುಖ ಬಾಡಿತ್ತು. ದೋಣಿಯ ಅಂಚು ಹಿಡಿದು ನಡುವಿನ ಹಲಗೆಗೆ ಬಂದು ಕುಳಿತ. "ಹೋಗು, ಚುಕ್ಕಾಣಿ ಹಿಡಿ."

"ನಾನು ಹಿಡಿದು ಇಪ್ಪತ್ತು ವರ್ಷ ಆಯ್ತು. ದಾರೀನೂ ಮರೆತಿದೀನಿ."

"ದಾರಿ ನಾನು ಹೇಳ್ತೀನಿ. ಬಂಡೆಗಳೇನು ಎದ್ದು ಹೋಗಿಲ್ಲ. ಅಡ್ಡ ಬರೋರನ್ನ ಮಾತ್ರ ನೀನು ನೋಡ್ಕೋ."

ದೀಸಾ ಹಿಂದೆ ಹೋಗಿ ಕುಳಿತಳು. ಎಂಜಿನ್ ಮತ್ತೆ ಟಕಟಕ ಎಂದಿತು. ಕೆಮ್ಮಿ ಕೆಮ್ಮಿ ಕಣ್ಣೀರಾಗಿದ್ದ ಗುನ್ವೋರ್ ಕೊನೆಗೆ ಕೇಳಿದಳು, "ಸೋಮವಾರ ಬರೋರಿಗೆ ಏನಂತೀಯ?"

"ಬರಬೇಡಿ ಅಂತೀನಿ. ಪ್ರತಿ ಭಾನುವಾರ ನಾನು ಬರ್ತೀನಿ" ಎಂದಳು ದೀಸಾ. "ಆದ್ರೆ ಅಪ್ಪ ಇನ್ನು ಚುಕ್ಕಾಣಿ ಮುಟ್ಟೋ ಹಾಗಿಲ್ಲ."

ಬಿರ್ಗರ್ ಹಾಲು ಸಕ್ಕರೆ ಬೆರೆತಿದ್ದ ತನ್ನ ಲೋಟದ ಕಾಫಿಯನ್ನು ಸಮುದ್ರಕ್ಕೆ ಚೆಲ್ಲಿ, ಫ್ಲಾಸ್ಕಿಗೆ ಕೈಚಾಚಿದ. ಲೋಟದ ಅಂಚಿನೊಳಗೆ ಬೆರಳು ಇಳಿಬಿಟ್ಟುಕೊಂಡು, ಬಿಸಿ ತಾಗುವವರೆಗೆ ತಾನೇ ಬಗ್ಗಿಸಿಕೊಂಡ. ಅಭ್ಯಾಸಬಲದಿಂದ ಗುನ್ವೋರ್ ಹಾಲಿನ ಸೀಸೆ ಎತ್ತಿದಳು.

"ಇನ್ನು ಯಾತಕ್ಕೆ?" ಎಂದು ಅವನು ಲೋಟಕ್ಕೆ ಅಂಗೈ ಅಡ್ಡ ಹಿಡಿದ. "ಎರಡು ಬೇಸಿಗೆ ಆಯ್ತು ಕಣೆ, ಬಾಯಿಗೆ ಹಿಡಿಸೋ ಹಾಗೆ ಒಂದು ಕಾಫಿ ಕುಡಿದು."