ಸಾರಿ ಯಾಕೆ ಅಂದೆ

ಬಿದ್ದವಳು ಅನಘಾ, ಕ್ಷಮೆ ಕೇಳಿದವಳೂ ಅವಳೇ. ಊಟದ ಬಿಡುವಿನಲ್ಲಿ ಆಡುತ್ತಿದ್ದಾಗ ದೊಡ್ಡ ತರಗತಿಯ ಹುಡುಗನೊಬ್ಬ ಓಡಿಬಂದು ಆರು ವರ್ಷದ ಅವಳನ್ನು ಕೆಡವಿದ್ದ. ಮೊಣಕಾಲು ತರಚಿ ರಕ್ತ ಬರುತ್ತಿದ್ದರೂ ಅವಳು ಎದ್ದು ನಿಂತು ಅವನಿಗೇ ‘ಸಾರಿ’ ಎಂದಳಂತೆ. ಸಂಜೆ ಮಗಳನ್ನು ಕರೆದೊಯ್ಯಲು ಬಂದ ತ್ರಿವಿಕ್ರಮನನ್ನು ಕ್ಲಾಸ್ ಟೀಚರ್ ಪಕ್ಕಕ್ಕೆ ಕರೆದು ಇದನ್ನು ಹೇಳಿದರು.

ತ್ರಿವಿಕ್ರಮನಿಗೆ ಒಳಗೊಳಗೇ ಹೆಮ್ಮೆಯಾಯಿತು. ನಾವು ಹಾಗೇ ಬೆಳೆಸಿದ್ದೇವೆ ಎಂದ. ಟೀಚರ್ ಅಷ್ಟಕ್ಕೇ ಬಿಡಲಿಲ್ಲ. ತನ್ನ ಬಣ್ಣದ ಪೆನ್ಸಿಲ್ ಕಿತ್ತುಕೊಂಡವರಿಗೂ, ಸಾಲಿನಲ್ಲಿ ತನ್ನನ್ನು ಹಿಂದಕ್ಕೆ ತಳ್ಳಿದವರಿಗೂ ಅನಘಾಳೇ ಸಾರಿ ಹೇಳುತ್ತಾಳೆ, ಮನೆಯಲ್ಲಿ ಹೇಗಿರುತ್ತಾಳೆ ಎಂದು ಕೇಳಿದರು. ತುಂಬ ಒಳ್ಳೆಯ ಮಗು, ಒಂದು ದಿನವೂ ಹಟ ಮಾಡಿದವಳಲ್ಲ ಎಂದು ಅವನು ಹೇಳಿದ. ಟೀಚರ್ ಸುಮ್ಮನೆ ತಲೆಯಾಡಿಸಿದರು. ಅವನು ನಿರೀಕ್ಷಿಸಿದ್ದ ಮೆಚ್ಚುಗೆ ಅವರ ಮುಖದಲ್ಲಿ ಕಾಣಲಿಲ್ಲ.

ನಗರದಂಚಿನ ಟ್ರುಗನಿನಾ ಬಡಾವಣೆಯ ಮನೆ ತಲುಪಿದಾಗ ನಾಲ್ಕಾಗಿತ್ತು. ಹೆಂಡತಿ ನಿಹಾರಿಕಾ ಸಿಟಿಯ ಆಫೀಸಿನಿಂದ ಟ್ರೈನ್ ಹಿಡಿದು ಬರುತ್ತಿದ್ದಳು. ಅವಳು ಬಂದ ಕೂಡಲೇ ಇವನು ವೇರ್‌ಹೌಸಿನ ಶಿಫ್ಟಿಗೆ ಹೊರಡಬೇಕು. ಮಗಳ ಕೈಗೆ ಟೋಸ್ಟ್ ಕೊಟ್ಟು ಕೆಲಸದ ಬ್ಯಾಗು ತುಂಬಿಕೊಳ್ಳುವಾಗ ಗೇಟಿನ ಕಾರ್ಡ್ ಕಾಣಲಿಲ್ಲ. ಹೋದ ತಿಂಗಳಷ್ಟೇ ಸೂಪರ್‌ವೈಸರ್ ಆಗಿದ್ದ. ಒಳಗೆ ಬಿಡಿ ಎಂದು ಗೇಟಿನಲ್ಲಿ ಕೇಳಿಕೊಳ್ಳುತ್ತ ನಿಲ್ಲುವುದನ್ನು ನೆನೆದೇ ಮೈ ಬಿಸಿಯಾಯಿತು. ನಿನ್ನೆ ಅನಘಾ ಆ ಕಾರ್ಡ್ ಹಿಡಿದು ಅಂಗಡಿ ಆಟ ಆಡಿದ್ದು ನೆನಪಿಗೆ ಬಂತು.

‘ಅನೂ, ನನ್ ಕಾರ್ಡ್ ಎಲ್ಲಿಟ್ಟೆ?’ ದನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

‘ಸಾರಿ, ಅಪ್ಪ.’

‘ಸಾರಿ ಇರ್ಲಿ. ಎಲ್ಲಿಟ್ಟೆ ಹೇಳು.’

‘ಸಾರಿ’ ಎಂದಳು ಮತ್ತೊಮ್ಮೆ. ಟೋಸ್ಟನ್ನು ಅಲ್ಲೇ ಬಿಟ್ಟು ಸೋಫಾದ ಕೆಳಗೆ ಬಗ್ಗಿ ನೋಡಿದಳು. ಆಟಿಕೆಯ ಡಬ್ಬವನ್ನು ನೆಲಕ್ಕೆ ಸುರುವಿದಳು. ಅವನ ಬೂಟುಗಳೊಳಗೂ ಕೈ ಹಾಕಿದಳು. ನನ್ನ ಸಾಮಾನು ಮುಟ್ಟಬೇಡ ಎಂದು ಎಷ್ಟು ಸಲ ಹೇಳಿದ್ದೇನೆ ಎಂದು ಅವನು ಬೈಯುತ್ತಲೇ ಇದ್ದ. ಬೈಯುತ್ತ ಅಡುಗೆಮನೆಗೆ ಬಂದವನು ಕಿಟಕಿಯ ಬಳಿ ನಿಂತುಬಿಟ್ಟ. ಹಿತ್ತಿಲಿನ ತಂತಿಯ ಮೇಲೆ ಅವನ ಕಿತ್ತಳೆ ಬಣ್ಣದ ಕೆಲಸದ ಜಾಕೆಟ್ ಗಾಳಿಗೆ ತೂಗಾಡುತ್ತಿತ್ತು. ಬೆಳಿಗ್ಗೆ ಜೇಬು ನೋಡದೆ ಅದನ್ನು ವಾಷಿಂಗ್ ಮೆಷಿನ್ನಿಗೆ ಹಾಕಿದವನು ಅವನೇ. ಹೋಗಿ ಜೇಬಿಗೆ ಕೈಹಾಕಿದ. ಕಾರ್ಡ್ ಇತ್ತು.

ಒಳಗೆ ಬಂದರೆ ಅನಘಾ ಇನ್ನೂ ಹುಡುಕುತ್ತಲೇ ಇದ್ದಳು. ಅವನು ಅವಳೆದುರು ನೆಲದ ಮೇಲೆ ಕುಳಿತ.

‘ಕಾರ್ಡ್ ನನ್ ಜಾಕೆಟ್‌ನಲ್ಲೇ ಇತ್ತು, ಪುಟ್ಟಿ. ನೀನು ತಗೊಂಡೇ ಇಲ್ವಲ್ಲ. ಸಾರಿ ಯಾಕೆ ಅಂದೆ?’

ಅವಳು ಮೊಣಕಾಲಿನ ಪಟ್ಟಿಯನ್ನು ಬೆರಳಿನಿಂದ ಸವರುತ್ತ ಹೇಳಿದಳು: ‘ನೀನು ಆಂಗ್ರಿ ಇದ್ದೆ. ಸಾರಿ ಅಂದ್ರೆ ಸ್ಟಾಪ್ ಆಗುತ್ತೆ.’

ಆ ಮಾತಿನಲ್ಲಿ ದೂರು ಇರಲಿಲ್ಲ. ನಲ್ಲಿ ತಿರುಗಿಸಿದರೆ ನೀರು ನಿಲ್ಲುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿದ್ದಳು. ಹಾಲು ಚೆಲ್ಲಿದ ದಿನ, ಕಾರು ಕೆಟ್ಟ ದಿನ, ಶಿಫ್ಟಿನಲ್ಲಿ ಯಾರ ಮೇಲೋ ಬಂದ ಸಿಟ್ಟನ್ನು ಮನೆಗೆ ಹೊತ್ತು ತಂದ ದಿನ, ಒಂದೊಂದೇ ಅವನ ಕಣ್ಣ ಮುಂದೆ ಬಂದವು. ಆ ದಿನಗಳಲ್ಲೆಲ್ಲ ಮಗಳು ಎಷ್ಟು ಬೇಗ ಸಾರಿ ಹೇಳಿದ್ದಳು. ಅವನು ಎಷ್ಟು ಬೇಗ ತಣ್ಣಗಾಗಿದ್ದ. ಹಟ ಮಾಡದ ಮಗು ಎಂದು ಎಷ್ಟು ಜನರ ಮುಂದೆ ಹೇಳಿಕೊಂಡಿದ್ದ.

‘ತಪ್ಪು ನಂದು. ಸುಮ್ ಸುಮ್ನೆ ಬೈದೆ. ಸಾರಿ, ಅನೂ.’

ಅವನ ಮಾತು ಮುಗಿಯುವ ಮೊದಲೇ ‘ಇಟ್ಸ್ ಓಕೆ’ ಎಂದಳು ಅವಳು.

‘ನಿಜವಾಗ್ಲೂ ಓಕೆನಾ? ಅಲ್ಲ ಅಂದ್ರೆ ಅಲ್ಲ ಅನ್ನು. ನಾನೇನೂ ಅನ್ನಲ್ಲ.’

ಅನಘಾ ಅವನ ಮುಖವನ್ನು ತುಂಬ ಹೊತ್ತು ನೋಡಿದಳು. ಕುಡಿಯುವ ಮೊದಲು ಹಾಲಿನ ಬಿಸಿಯನ್ನು ತುಟಿಯಂಚಿನಲ್ಲಿ ನೋಡಿಕೊಳ್ಳುವ ಹಾಗೆ, ಸ್ವಲ್ಪ ಸ್ವಲ್ಪವೇ. ಅವನು ಅಲುಗಾಡದೆ ಕುಳಿತಿದ್ದ.

‘ನೋ’ ಎಂದಳು. ‘ನಾಟ್ ಓಕೆ. ನಾನು ತಗೊಂಡಿಲ್ಲ. ತಗೊಂಡ್ಯಾ ಅಂತ ನೀನು ಕೇಳ್ಲೇ ಇಲ್ಲ.’

ಅಷ್ಟು ಹೇಳಿ, ಕೆನ್ನೆ ಒರೆಸಿಕೊಳ್ಳುತ್ತ ಕುಂಟಿಕೊಂಡೇ ತನ್ನ ರೂಮಿಗೆ ಹೋದಳು. ಬಾಗಿಲನ್ನು ಧಡ್ ಎಂದು ಹಾಕಿಕೊಂಡಳು. ಗೋಡೆಯ ಮೇಲಿನ ಕ್ಯಾಲೆಂಡರ್ ಅದುರಿತು.

ಆಗಷ್ಟೇ ಒಳಗೆ ಬಂದ ನಿಹಾರಿಕಾ ಹೆಗಲ ಬ್ಯಾಗನ್ನೂ ಇಳಿಸದೆ, ಅದೇನು ಸದ್ದು ಎಂದು ಗಾಬರಿಯಿಂದ ಕೇಳಿದಳು. ಚೆಲ್ಲಾಪಿಲ್ಲಿಯಾದ ಆಟಿಕೆಗಳ ನಡುವೆ ಗಂಡ ಕಾಲು ಮಡಚಿ ಕುಳಿತಿದ್ದ.

‘ಅನೂಗೆ ಸಿಟ್ಟು ಬಂದಿದೆ’ ಎಂದ ತ್ರಿವಿಕ್ರಮ. ಐದು ವರ್ಷದ ಹಿಂದೆ ದಾವಣಗೆರೆಯಲ್ಲಿರುವ ಅಮ್ಮನಿಗೆ ಫೋನ್ ಮಾಡಿ, ಮಗಳಿಗೆ ಮೊದಲ ಹಲ್ಲು ಬಂದಿದೆ ಎಂದು ಹೇಳಿದ್ದೂ ಇದೇ ದನಿಯಲ್ಲಿ.