ಬಾದಾಮಿಗೂ ಪಟ್ಟದಕಲ್ಲಿಗೂ ನಡುವೆ

ಬಾದಾಮಿಯ ಬಾಗಿಲಿನಿಂದ ಹೊರಬಂದ ಇಂದುಮತಿಗೆ ಕೆರೆ ಕಾಣಲಿಲ್ಲ, ಬರೀ ತಲೆಗಳು ಕಂಡವು. ಧಾರವಾಡದ ಓಣಿಯಲ್ಲಿ ಒಂದು ಬಾಗಿಲು ದಾಟಿದರೆ ಮರುಕ್ಷಣವೇ ಯಾವ ಊರಿನಲ್ಲಾದರೂ ಕಾಲಿಡಬಹುದಾದ ಕಾಲವದು. ಹಾಗಾಗಿ ಎಲ್ಲ ಊರುಗಳಲ್ಲೂ ಎಲ್ಲರೂ ಇರುತ್ತಿದ್ದರು. ಜೊತೆಗೆ ಬಂದಿದ್ದ ಶೇಷಗಿರಿ ನಿಟ್ಟುಸಿರುಬಿಟ್ಟ. ಇಬ್ಬರೂ ಐವತ್ತು ದಾಟಿದವರು, ಇಬ್ಬರೂ ಒಂಟಿ. "ನನ್ನ ಮದಿವಿ ಆಗ್ತೀರೇನು?" ಎಂದು ಅವನು ಕೇಳಿ ವಾರವಾಗಿತ್ತು. ಗದ್ದಲವಿಲ್ಲದ ಜಾಗದಲ್ಲಿ ಉತ್ತರ ಹೇಳುತ್ತೇನೆ ಎಂದಿದ್ದಳು ಅವಳು. ಬೆಳಿಗ್ಗೆಯಿಂದ ಗೋಕರ್ಣ, ಹಂಪಿ ಎರಡೂ ಆಗಿದ್ದವು; ಅಲ್ಲೂ ಇದೇ ಗದ್ದಲ.

"ಪಟ್ಟದಕಲ್ಲಿಗೆ ಹೋಗೋಣೇನು?" ಎಂದು ಅವನು ಮತ್ತೆ ಬಾಗಿಲ ಕಡೆ ತಿರುಗಿದ.

"ಹೋಗೋಣು. ಆದ್ರ ನಡಕೋತ."

"ನಡಕೋತ? ನಡುವ ಏನದರೀ?"

"ಅದನ್ನ ನೋಡೋಣು ಬರ್ರಿ."

ಊರು ಮುಗಿಯುತ್ತಲೇ ಜನರೂ ಮುಗಿದರು. ಯಾರೂ ತುಳಿಯದ ಹಳೆಯ ಡಾಂಬರು ರಸ್ತೆಯನ್ನು ಸೀಳಿಕೊಂಡು ಹುಲ್ಲು ಬೆಳೆದಿತ್ತು. ನಟ್ಟನಡುವೆ ನಿಂತಿದ್ದ ನವಿಲೊಂದು ದಾರಿ ಬಿಡದೆ, ಇವರನ್ನೇ ವಿಚಿತ್ರ ಪ್ರಾಣಿಗಳೆಂಬಂತೆ ನೋಡಿತು. ಇಬ್ಬರಿಗೂ ನಗು ಬಂತು. ತನ್ನ ನಗು ತನ್ನ ಕಿವಿಗೇ ಕೇಳಿಸಿದ್ದು ಇಂದುಮತಿಗೆ ಸೋಜಿಗವೆನಿಸಿತು.

ಬೇವಿನ ನೆರಳಿನಲ್ಲಿ ಕುಳಿತು ಶೇಷಗಿರಿ ಕಾಲು ನೀವಿಕೊಂಡ. ಉತ್ತರವೇನೆಂದು ಕೇಳಲಿಲ್ಲ. ಕೇಳದೆ ಸುಮ್ಮನೆ ಕುಳಿತದ್ದೇ ಅವಳಿಗೆ ಹಿಡಿಸಿತು.

"ಆಗ್ತೀನಿ," ಎಂದಳು.

"ಏನಂದ್ರಿ?" ಅವನಿಗೆ ಕೇಳಿಸಿತ್ತು. ಇನ್ನೊಮ್ಮೆ ಕೇಳುವಾಸೆ, ಅಷ್ಟೆ.

ಇಂದುಮತಿ ಎದ್ದು ನಿಂತು ಗಂಟಲೆತ್ತಿ ಕೂಗಿದಳು, "ಮದಿವಿ ಆಗ್ತೀನ್ರೀ!"

ಎದುರಿನ ಕೆಂಪು ಗುಡ್ಡ ಒಂದಕ್ಷರವನ್ನೂ ಬಿಡದೆ ಅದನ್ನೇ ಅವನಿಗೆ ತಿರುಗಿ ಹೇಳಿತು.